ಸಲಮಿಸ್ಸಿಗೆ ಹೊರಟ ಸೂಲಗಿತ್ತಿ

ಥರ್ಮೂಥಿ ಹಡಗು ಹತ್ತಲೆಂದು ಮೊದಲ ಸಲ ಹೊರಟಾಗ ಇಡೀ ಓಣಿ ಅತ್ತಿತ್ತು. ನಮ್ಮ ರಾಕೋಟಿಸ್ ಕೇರಿಯಲ್ಲಿ ಥರ್ಮೂಥಿಯ ಕೈಯಿಂದ ಭೂಮಿಗೆ ಬೀಳದ ಮಕ್ಕಳೇ ಕಡಿಮೆ. ಆ ಮಕ್ಕಳ ತಾಯಂದಿರೆಲ್ಲ ಬಾಗಿಲಿಗೆ ಬಂದು, ಒಣ ಅಂಜೂರದ ಸರ ಕೈಗಿತ್ತು, ಕೆನ್ನೆ ಸವರಿ, ಮೂಗು ಒರೆಸಿಕೊಂಡು ಬೀಳ್ಕೊಟ್ಟಿದ್ದರು. ಎರಡನೆಯ ಸಲ ಹೊರಟಾಗ ಕೆಲವರು ಹೊಸ್ತಿಲ ತನಕ ಬಂದು ಕೈಬೀಸಿದರು. ಮೂರನೆಯ ಸಲ ಎದುರುಮನೆಯವಳು ಬೀಸುತ್ತಿದ್ದ ಕಲ್ಲನ್ನು ಸಹ ನಿಲ್ಲಿಸಲಿಲ್ಲ.

"ಹೋಗ್ಬಾ ಅಕ್ಕಾ. ಸಂಜೆ ಬರೋವಾಗ ಹಂಗೇ ಒಂಚೂರು ಉಪ್ಪುಮೀನು ತಂದ್ಬಿಡು" ಅಂದಳು.

ಆ ಸಂಜೆಯೂ ಹಡಗು ಹೊರಡಲಿಲ್ಲ. ಉಪ್ಪುಮೀನು ಹಿಡಿದುಕೊಂಡು ಓಣಿಗೆ ಕಾಲಿಡುವುದಕ್ಕಿಂತ ಹಡಗು ನಿಲ್ಲುವ ಧಕ್ಕೆಯ ಕಲ್ಲಿನ ಮೇಲೆ ಮಲಗುವುದೇ ಮರ್ಯಾದೆ ಎಂದುಕೊಂಡು ಥರ್ಮೂಥಿ ಮನೆಗೆ ಹೋಗುವುದನ್ನೇ ಬಿಟ್ಟಳು. ಯುನೋಸ್ತೋಸ್ ಬಂದರಿನಲ್ಲಿ, ಗೋಧಿ ಗೋದಾಮಿನ ಗೋಡೆಯ ಮಗ್ಗುಲಿಗೆ ಅವಳ ಬಿಡಾರ. ಹೊದೆಯಲು ಒಂದು ಕಂಬಳಿ, ತಿನ್ನಲು ರೊಟ್ಟಿ ಈರುಳ್ಳಿ, ಕೂರಲು ಅವಳದೇ ಹೆರಿಗೆ ಪೀಠ. ಅದು ನಡುವೆ ಅರ್ಧಚಂದ್ರದಂತೆ ಕೊರೆದ ಗಟ್ಟಿ ಮರದ ಪೀಠ. ಅದನ್ನು ಬಿಟ್ಟು ಅವಳು ಯಾವ ಹೆರಿಗೆಗೂ ಹೋದವಳಲ್ಲ. ಈಗ ಸಮುದ್ರ ದಾಟಿಸಲು ತಂದಿದ್ದಳು. ಮೂಟೆ ಹೊರುವವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ಏನವ್ವಾ, ದಿನಾ ಇಲ್ಲೇ ಪೀಠ ಹಾಕಿ ಕೂತಿದ್ದೀಯ. ಹಡಗನ್ನೇ ಹೆರಿಸ್ತೀಯೇನು?"

"ಹೆರಿಸ್ತಿದ್ದೆ ಕಣಪ್ಪಾ, ಅದರ ಯಜಮಾನನ್ನ ಮೊದಲು ಹೊರಗೆಳೆಯೋಕೆ ಯಾರಾದ್ರೂ ಸಿಕ್ಕಿದ್ರೆ" ಎನ್ನುತ್ತಿದ್ದಳು. ಅವರು ನಗುತ್ತಿದ್ದರು. ಅವಳಿಗೆ ನಗು ಬರುತ್ತಿರಲಿಲ್ಲ.

ಹಡಗಿನ ಹೆಸರು ಥೆಟಿಸ್. ಈ ಸಲದ ಸಮುದ್ರಯಾನದ ಕಾಲ ಮುಗಿಯುವ ಮೊದಲು ಸೈಪ್ರಸ್ಸಿನ ಸಲಮಿಸ್ಸಿಗೆ ಹೋಗುವ ಕೊನೆಯ ಹಡಗು ಅದೇ. ಬೆಳಗಿನ ಜಾವ ಪಡುವಣದಲ್ಲಿ ಕೃತ್ತಿಕೆ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಅದು ನೀರಿಗೆ ಮುಳುಗಿತೆಂದರೆ ಸಮುದ್ರಕ್ಕೆ ಬಾಗಿಲು ಹಾಕಿದ ಹಾಗೆ. ವಸಂತ ಬರುವ ತನಕ ಒಂದು ಹಾಯಿಯೂ ಬಿಚ್ಚುವುದಿಲ್ಲ. ಸಲಮಿಸ್ಸಿನಲ್ಲಿ ಅವಳ ಮಗಳು ತಯೆಸಿ ತುಂಬು ಬಸುರಿ. ಒಬ್ಬಳೇ ಮಗಳು. ತಾಮ್ರ ಮಾರಲು ಬಂದಿದ್ದ ದ್ವೀಪದ ಕಂಚುಗಾರನೊಬ್ಬನ ಕಣ್ಣಿಗೆ ಬಿದ್ದು, ಮದುವೆಯಾಗಿ, ತಾಮ್ರ ಖಾಲಿಯಾದ ಹಡಗಿನಲ್ಲೇ ಹೊರಟುಹೋದವಳು. ಬೇಸಿಗೆಯಲ್ಲಿ ಒಬ್ಬ ಹಡಗಿನ ಖಲಾಸಿಯ ಬಾಯಲ್ಲಿ ಹೇಳಿ ಕಳಿಸಿದ್ದಳು: "ಅವ್ವ ಬರೋ ತನಕ ಹೆರಲ್ಲ ಅಂತ ಹೇಳಿಬಿಡು." ಖಲಾಸಿ ನಗುನಗುತ್ತಾ ಹೇಳಿದ. ಥರ್ಮೂಥಿಯೂ ನಕ್ಕು ಅವನಿಗೆ ಹೆಂಡ ಕುಡಿಸಿ ಕಳಿಸಿದಳು. ಅವನು ಆಚೆ ಹೋದ ಮೇಲೆ ನಗು ನಿಲ್ಲಿಸಿ ಹಡಗಿನ ಬಾಡಿಗೆಗೆ ಕಾಸು ಕೂಡಿಸತೊಡಗಿದಳು.

ಯಾಕೆಂದರೆ ಅವಳ ಮನೆತನದಲ್ಲಿ ಚೊಚ್ಚಲು ಕೂಸು ಕಾಲು ಮುಂದಾಗಿಯೇ ಬರುವುದು. ಥರ್ಮೂಥಿ ಹುಟ್ಟಿದ್ದೂ ಹಾಗೆಯೇ, ತಯೆಸಿ ಹುಟ್ಟಿದ್ದೂ ಹಾಗೆಯೇ. ಅಂಥ ಕೂಸನ್ನು ಎಳೆಯಬಾರದು, ಕಾಯಬೇಕು. ತಾಯಿಯನ್ನು ಮಂಡಿಯೂರಿಸಿ, ಕೂಸು ತಾನಾಗಿ ತಿರುಗುವ ತನಕ ಕೈಯನ್ನು ಹದವಾಗಿ ಕೆಳಗೆ ಹಿಡಿದಿರಬೇಕು. ಥರ್ಮೂಥಿಯ ತಾಯಿ ಅವಳಿಗೆ ಹಾಗೆ ಮಾಡಿದ್ದಕ್ಕೇ ತಯೆಸಿ ಉಳಿದಿದ್ದು, ಅವಳೂ ಉಳಿದಿದ್ದು. ದ್ವೀಪದ ಸೂಲಗಿತ್ತಿಯರೋ, ಕಾಲು ಕಂಡರೆ ಹಿಡಿದು ಎಳೆಯುತ್ತಾರಂತೆ.

ಇಷ್ಟೆಲ್ಲ ಹೊತ್ತುಕೊಂಡು ಬಂದರೆ ಇಲ್ಲಿ ಹಡಗಿನ ಯಜಮಾನ ಲೂಸಾನಿಯಾಸ್. ದೊಡ್ಡ ಮೈಯ, ಸಣ್ಣ ದನಿಯ ಗ್ರೀಕ. ಅವನ ಕಣ್ಣು ಸಮುದ್ರದ ಮೇಲಿದ್ದುದನ್ನು ಯಾರೂ ಕಂಡಿಲ್ಲ. ಅದು ಸದಾ ಹಾಯಿಕಂಬದ ತುದಿಯ ಮೇಲೆ, ಎದುರು ಬಂದವರ ಮೂಗಿನ ಮೇಲೆ, ಹಕ್ಕಿ ಹಾರಿದ ದಿಕ್ಕಿನ ಮೇಲೆ. ಮೊದಲ ದಿನ ಕಾಗೆಯೊಂದು ಹಾಯಿಯ ಹಗ್ಗದ ಮೇಲೆ ಕೂತು ಕೂಗಿತು, ಪಯಣ ನಿಂತಿತು. ಆಮೇಲೆ ಯಜಮಾನನ ಕನಸಿನಲ್ಲಿ ಕಪ್ಪು ಆಡುಗಳು ಬಂದವು. ಆಡು ಬಂದರೆ ಅಲೆ ಬರುತ್ತದೆ, ಕಪ್ಪು ಆಡಾದರೆ ಕಪ್ಪು ಅಲೆ. ಮತ್ತೊಂದು ದಿನ ಯಾವನೋ ಖಲಾಸಿ ಹಡಗಿನ ಮೇಲೆಯೇ ಕೂತು ಕಾಲುಗುರು ಕತ್ತರಿಸಿಕೊಂಡ. ಬಿರುಗಾಳಿ ಎದ್ದಾಗ ಮಾತ್ರ ಕತ್ತರಿಸಿ ಸಮುದ್ರದ ದೇವರಿಗೆ ಒಪ್ಪಿಸಬೇಕಾದ ಉಗುರನ್ನು ಬಿಸಿಲಿಗೆ ಕೂತು ಕತ್ತರಿಸಿದರೆ ಆಗುತ್ತದೆಯೇ? ಅದಕ್ಕೆ ಶಾಂತಿ ಆಗಬೇಕಾಯಿತು. ಇವೆಲ್ಲ ಇಲ್ಲದ ದಿನ ದಿನವೇ ಕೆಟ್ಟದ್ದು. ಗ್ರೀಕರಿಗೆ ಆಗಿಬರದ ದಿನ ಬೇರೆ, ನಮ್ಮವರಿಗೆ ಆಗಿಬರದ ದಿನ ಬೇರೆ, ರೋಮಿನವರದು ಬೇರೆ. ಹಡಗಿನಲ್ಲಿ ಇಬ್ಬರು ಯೆಹೂದಿಗಳಿದ್ದರೆಂದು ಅವರ ಏಳನೆಯ ದಿನವನ್ನೂ ಲೂಸಾನಿಯಾಸ್ ಬಿಡಲಿಲ್ಲ.

"ಯಾವ ದೇವ್ರ ಮನಸ್ಸಿಗೂ ನೋವಾಗ್ಬಾರ್ದಮ್ಮಾ" ಅಂದ.

"ಮನುಷ್ಯರ ಮನಸ್ಸಿಗೆ?"

"ಮನುಷ್ಯರು ಅಲೆ ಎಬ್ಬಿಸಲ್ವಲ್ಲ."

ಇಂಥವನ ಹತ್ತಿರ ಏನು ಮಾತಾಡುವುದು? ಥರ್ಮೂಥಿ ಬಂದು ಪೀಠದ ಮೇಲೆ ಧೊಪ್ಪನೆ ಕೂತಳು. ಪಕ್ಕದಲ್ಲಿ ಪಸಿಯೋನ್ ನೆಲದ ಮೇಲೆ ಗೆರೆ ಎಳೆದು ಒಬ್ಬನೇ ಕಾಯಿ ಆಡುತ್ತಿದ್ದ. ನಾರುಬಟ್ಟೆಯ ವ್ಯಾಪಾರಿ, ಸಲಮಿಸ್ಸಿಗೆ ಹೊರಟವನೇ. ಹೊಟ್ಟೆ ತುಂಬಿದ್ದರೆ ಯಾವ ಊರಾದರೂ ಸರಿ ಎನ್ನುವ ಜಾತಿ. ಅವನ ನೆಮ್ಮದಿ ಕಂಡರೆ ಥರ್ಮೂಥಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಮಾತಿಗೆ ಸಿಗುವವನೂ ಅವನೊಬ್ಬನೇ.

"ಬೈಬೇಡ ಅವನ್ನ. ಪಾಪದವನು" ಅಂದ ಪಸಿಯೋನ್, ಖರ್ಜೂರದ ಬೀಜ ಉಗುಳಿ. "ಹಿಂದೆ ಒಂದ್ಸಲ ಹಲಗೆ ಹತ್ತೋವಾಗ ಯಾರೋ ಸೀನಿದ್ರಂತೆ. ಇವ್ನು ಕೇಳ್ಲಿಲ್ಲ, ಹೊರಟ. ಹಡಗು ಹೋಯ್ತು. ಇವನ ತಮ್ಮನೂ ಹೋದ."

"ಸೀನಿದ್ದಕ್ಕೆ ಹೋಯ್ತಾ?"

"ಬಂಡೆಗೆ ಬಡಿದು ಹೋಯ್ತು. ಆದ್ರೆ ಸೀನಿದ್ದೂ ನಿಜ ತಾನೇ?"

"ನಾನು ಹೆರಿಸಿದ ಮಕ್ಕಳಲ್ಲಿ ಎಷ್ಟು ಜನ ಸೀನ್ಕೊಂಡೇ ಹುಟ್ಟಿದ್ವೋ! ಎಲ್ಲಾ ಈಗ ಬಂದರಲ್ಲಿ ಮೂಟೆ ಹೊರ್ತಾ ಇದಾವೆ, ಬಂಡೆ ಥರ."

ಪಸಿಯೋನ್ ಹೊಟ್ಟೆ ಕುಣಿಸಿ ನಕ್ಕ. "ತಗೋ, ಒಂದಾಟ ಆಡು. ಕೋಪ ಇಳಿಯುತ್ತೆ."

"ನನ್ನ ಕೋಪ ಸಲಮಿಸ್ಸಲ್ಲಿ ಇಳಿಯುತ್ತೆ" ಎಂದು ಮುಖ ತಿರುಗಿಸಿದಳು. ಲೂಸಾನಿಯಾಸನ ತಮ್ಮನ ಸುದ್ದಿ ಕೇಳಿ ಪಾಪ ಅನ್ನಿಸಿತ್ತು. ಆದರೆ ಅವನ ತಮ್ಮ ಸತ್ತದ್ದಕ್ಕೆ ತನ್ನ ಮಗಳು ಯಾಕೆ ತೆರಬೇಕು?

ಎರಡು ದಿನ ಒಳ್ಳೆ ಪಡುವಣ ಗಾಳಿ ಬೀಸಿತು. ಸಿದೋನಿನ ಹಡಗುಗಳು, ಗಾಜಾದ ಹಡಗುಗಳು ಒಂದೊಂದಾಗಿ ದೀಪಸ್ತಂಭ ದಾಟಿಕೊಂಡು ಹೋದವು. ಥೆಟಿಸ್ ಮಾತ್ರ ಹಗ್ಗಕ್ಕೆ ಕಟ್ಟಿದ ಹಸುವಿನಂತೆ ನಿಂತಲ್ಲೇ ತೂಗುತ್ತಿತ್ತು. ಥರ್ಮೂಥಿಗೆ ತಡೆಯಲಾಗಲಿಲ್ಲ. ಶಕುನವೇ ಬೇಕೆಂದರೆ ಶಕುನವನ್ನೇ ಕೊಡೋಣ ಎಂದು ತೀರ್ಮಾನಿಸಿದಳು. ಬೆಳಿಗ್ಗೆ ಮುಖ ತೊಳೆದು, ತಲೆಗೆ ಬಟ್ಟೆ ಹೊದ್ದು, ಹಿಂದೆಂದೂ ಇಲ್ಲದ ವಿನಯದಿಂದ ಲೂಸಾನಿಯಾಸನ ಮುಂದೆ ನಿಂತಳು.

"ರಾತ್ರಿ ಕನಸಲ್ಲಿ ಸಮುದ್ರ ಕಾಯೋ ದೇವಿ ಐಸಿಸ್ ತಾಯಿ ಬಂದಿದ್ರು, ಸ್ವಾಮಿ."

ಅವನು ಮಾಡುತ್ತಿದ್ದ ಕೆಲಸ ಬಿಟ್ಟು ತಿರುಗಿದ. "ಹೌದಾ? ಎಲ್ಲಿ ನಿಂತಿದ್ರು?"

"ನಿಮ್ಮ ಹಡಗಿನ ಮೂತಿ ಮೇಲೇನೇ. ಸಮುದ್ರ ಎಣ್ಣೆ ಸುರಿದಂಗಿತ್ತು. ಕೈ ಹಿಂಗೆ ಎತ್ತಿದ್ರು, ಹೋಗಿ ಅನ್ನೋ ಥರ."

"ಮಾತಾಡಿದ್ರಾ?"

"ಇಲ್ಲ. ನಕ್ರು."

ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸುಳ್ಳಿಗೆ ಒಗ್ಗರಣೆ ಜಾಸ್ತಿಯಾದರೆ ರುಚಿ ಎಂದು ಅವಳ ಲೆಕ್ಕ.

"ಬಾಯ್ತುಂಬಾ ನಕ್ರು ಸ್ವಾಮಿ. ಮುತ್ತಿನಂಥಾ ಹಲ್ಲು."

ಲೂಸಾನಿಯಾಸನ ಮುಖ ಬಿಳಿಚಿಕೊಂಡಿತು. "ಹಲ್ಲು ಕಾಣಿಸ್ತಾ?"

"ಚೂರು... ಚೂರೇ ಚೂರು."

"ಮೇಲಿನದಾ, ಕೆಳಗಿಂದಾ?"

ಯಾವುದು ಹೇಳಿದರೆ ಲೇಸು ಎಂದು ಥರ್ಮೂಥಿ ಲೆಕ್ಕ ಹಾಕತೊಡಗಿದಳು. ಅಷ್ಟರಲ್ಲಿ ಅವನು ಖಲಾಸಿಗಳಿಗೆ ಹಗ್ಗ ಬಿಗಿ ಮಾಡಲು ಹೇಳಿಯಾಗಿತ್ತು. ಕನಸಿನಲ್ಲಿ ಹಲ್ಲು ಕಂಡರೆ ಮನೆಯಿಂದ ಒಬ್ಬರು ಹೋಗುತ್ತಾರೆ, ಹಡಗೂ ಒಂದು ಮನೆಯೇ ಅಲ್ಲವೇ ಎಂದ. ಅವಳ ಎರಡೂ ಕೈ ಹಿಡಿದುಕೊಂಡು, "ನೀನು ಹೇಳದೆ ಇದ್ದಿದ್ರೆ ಇವತ್ತು ಹೊರಟೇಬಿಡ್ತಿದ್ದೆ ತಾಯಿ, ಎಲ್ಲರ ಜೀವ ಉಳಿಸಿದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಆ ದಿನ ಅವಳು ರೊಟ್ಟಿ ಮುಟ್ಟಲಿಲ್ಲ. ಗೋದಾಮಿನ ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಪಸಿಯೋನನಿಗೆ ವಿಷಯ ತಿಳಿದು ನಗಲೂ ಆಗದೆ ಬಿಡಲೂ ಆಗದೆ ಆಚೆ ತಿರುಗಿ ಕೆಮ್ಮಿದ.

"ನಗು, ನಗು" ಅಂದಳು. "ಅಲ್ಲಿ ನನ್ನ ಮಗಳು ಹೊಟ್ಟೆ ಹಿಡ್ಕೊಂಡು ದಿನಾ ಬಂದರಿಗೆ ಬಂದು ನಿಂತಿರ್ತಾಳೆ. ಅವಳಿಗೆ ಏನಂತ ಹೇಳ್ಲಿ? ನಿಮ್ಮವ್ವ ದೇವ್ರಿಗೆ ಹಲ್ಲಿಟ್ಟು ಸಿಕ್ಕಾಕ್ಕೊಂಡ್ಲು ಅಂತಾನಾ?"

ಅವನು ನಗು ನಿಲ್ಲಿಸಿದ. "ದಿನ ತುಂಬಿದಾವಾ?"

"ನನ್ನ ಲೆಕ್ಕದಲ್ಲಿ ತುಂಬ್ತಾ ಇದಾವೆ. ಕೂಸಿಗೆ ಕಾಗೆ ಆಡು ಏನೂ ಗೊತ್ತಾಗಲ್ಲ ಕಣಣ್ಣಾ. ಹೊತ್ತು ಬಂದ್ರೆ ಹೊರಟೇಬಿಡುತ್ತೆ."

ಮತ್ತೂ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಥರ್ಮೂಥಿ ಎದ್ದು ನೋಡಿದರೆ ಕೃತ್ತಿಕೆ ನೀರಿನ ಅಂಚಿಗೇ ಬಂದುಬಿಟ್ಟಿತ್ತು. ಗಾಳಿ ಪಡುವಣದಿಂದ ಹದವಾಗಿ ಬೀಸುತ್ತಿತ್ತು. ಬಿಸಿಲೇರುವ ಹೊತ್ತಿಗೆ ಥೆಟಿಸ್ಸಿನ ಡಂಗುರದವನು ಧಕ್ಕೆಯುದ್ದಕ್ಕೂ ಕೂಗುತ್ತಾ ಓಡಿದ: "ಸಲಮಿಸ್! ಸಲಮಿಸ್ಸಿಗೆ ಹೋಗೋರು ಬನ್ರೋ!" ಅವಳು ನಂಬಲಿಲ್ಲ. ಹಡಗಿನ ಹಿಂಭಾಗದಲ್ಲಿ ಹೋಮದ ಹೊಗೆ ಗಾಳಿಯ ಜೊತೆ ಮೂಡಣಕ್ಕೆ ಸಲೀಸಾಗಿ ಹರಿಯಿತು, ಬಲಿ ಕೊಟ್ಟ ಕುರಿಯ ಪಿತ್ತಜನಕಾಂಗ ಶುಭದ ಗುರುತಾಗಿ ನುಣ್ಣಗಿತ್ತು, ಯಾರೂ ಸೀನಲಿಲ್ಲ, ಕಾಗೆಗಳೆಲ್ಲ ಮೀನುಮಾರುಕಟ್ಟೆಯಲ್ಲಿದ್ದವು. ಲೂಸಾನಿಯಾಸ್ ದ್ರಾಕ್ಷಾರಸವನ್ನು ನೀರಿಗೆ ಎರೆದು ಕೈ ಬೀಸಿದ. ಅವಳ ಪೀಠ, ಕಂಬಳಿ, ಎಣ್ಣೆಯ ಬುದ್ದಲಿ ಎಲ್ಲ ಹಡಗು ಸೇರಿದವು. ಪಸಿಯೋನ್ ತನ್ನ ಬಟ್ಟೆಮೂಟೆಗಳ ಹಿಂದೆ ಏದುಸಿರು ಬಿಡುತ್ತಾ ಹತ್ತಿ ಹೋದ. ಥರ್ಮೂಥಿ ಹುಡುಗಿಯಂತೆ ಉಡುಗೆ ಎತ್ತಿ ಹಿಡಿದಳು. ಹಲಗೆಯ ಮೇಲೆ ಕಾಲಿಟ್ಟಳು. ಅರ್ಧ ದಾರಿ ಬಂದಳು.

ಮೇಲೆ ಕುಡಿಯುವ ನೀರಿನ ಹರವಿ ಇಳಿಸುತ್ತಿದ್ದವನ ಕೈ ಜಾರಿ ಹರವಿ ಒಡೆಯಿತು. ನೀರು ಹಲಗೆಯ ಮೇಲೆ ಹರಿದು ಅವಳ ಕಾಲು ತೋಯಿಸಿತು.

ಎಲ್ಲರೂ ಲೂಸಾನಿಯಾಸನ ಮುಖ ನೋಡಿದರು. ಅವನು ಒಡೆದ ಚೂರುಗಳನ್ನು ನೋಡಿದ. ಚೂರು ಯಾವ ಕಡೆಗೆ ಬಿದ್ದಿವೆ ಎಂದು ಬಗ್ಗಿ ನೋಡಿದ. ಆಮೇಲೆ ನಿಧಾನವಾಗಿ ಕೈ ಎತ್ತಿದ.

"ಇಳೀರಪ್ಪಾ ಎಲ್ಲಾ. ನಾಳೆ ನೋಡೋಣ."

"ಏನು ನಾಳೆ?" ಥರ್ಮೂಥಿಯ ದನಿ ಅವಳಿಗೇ ಗುರುತು ಸಿಗಲಿಲ್ಲ. "ಏನು ನಾಳೆ ನೋಡೋದು? ನಾಳೆ ನೊಣ ಕೂತ್ಕೊಳುತ್ತೆ! ನಾಡಿದ್ದು ನಿನ್ನ ಎಡಗಣ್ಣು ಅದುರುತ್ತೆ! ನನ್ನ ಮಗಳು ಸಾಯ್ತಾಳೆ ಕಣೋ ಅಲ್ಲಿ! ಮುಳುಗೋದಿದ್ರೆ ಮುಳುಗೇ ಹೋಗ್ಲಿ ಈ ಹಾಳು ಹಡಗು! ಇಲ್ಲಿ ಕೊಳೆತು ನಾರೋದಕ್ಕಿಂತ ಸಮುದ್ರದ ತಳ ಸೇರೋದೇ ಮೇಲು!"

ಪಕ್ಕದ ಹಡಗಿನಲ್ಲಿ ಮೂಟೆ ಹೊತ್ತವರು ಮೂಟೆ ಹೊತ್ತಲ್ಲೇ ನಿಂತರು. ಥೆಟಿಸ್ಸಿನ ಖಲಾಸಿಗಳು ಒಬ್ಬರಾದ ಮೇಲೊಬ್ಬರು ಕೆಟ್ಟದ್ದು ತಟ್ಟದಿರಲೆಂದು ಕೊರಳಪಟ್ಟಿ ಎಳೆದು ತಮ್ಮ ಎದೆಗೆ ತಾವೇ ಉಗುಳಿಕೊಂಡರು. ಹೊರಡುವ ಹಡಗಿನ ಹಲಗೆಯ ಮೇಲೆ ನಿಂತು ಅಂಥ ಮಾತು ಆಡಿದವರನ್ನು ನಮ್ಮ ಬಂದರಿನಲ್ಲಿ ಯಾರೂ ಕಂಡಿರಲಿಲ್ಲ.

ಲೂಸಾನಿಯಾಸ್ ಸಿಟ್ಟಾಗಲಿಲ್ಲ. ಅದೇ ಭಯ ಹುಟ್ಟಿಸಿದ್ದು. ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಕೆಳಗಿಳಿದವನ ಹಾಗೆ ಅವನ ಮುಖ ತಿಳಿಯಾಯಿತು.

"ಇವಳೇ" ಅಂದ. "ಕಾಗೆ ಯಾಕೆ ಕೂಗ್ತು ಅಂತ ತಲೆ ಕೆಡಿಸ್ಕೊಂಡಿದ್ದೆ. ಆಡು ಯಾಕೆ ಬಂದ್ವು ಅಂತ. ತಾಯಿ ಇವಳಿಗೇ ಯಾಕೆ ಹಲ್ಲು ತೋರಿಸಿದ್ಲು ಅಂತ. ಎಲ್ಲಾ ಇವಳ ಮೇಲೇ ಬೊಟ್ಟು ಮಾಡ್ತಿದ್ವು. ನನ್ನ ದಡ್ಡ ತಲೆಗೆ ಹೊಳೀಲಿಲ್ಲ."

"ಸ್ವಾಮಿ, ಬಾಯ್ತಪ್ಪಿ ಬಂತು..."

"ಬಾಯ್ತಪ್ಪಿ ಬರೋದೇ ನಿಜ ಅಮ್ಮಾ. ಯೋಚ್ನೆ ಮಾಡಿ ಆಡಿದ್ರೆ ಅದು ನಿನ್ನ ಮಾತು. ತಪ್ಪಿ ಬಂದ್ರೆ ಅದು ದೇವ್ರದ್ದು." ಅವನು ಖಲಾಸಿಗಳ ಕಡೆ ತಿರುಗಿದ. "ಇವಳನ್ನ ಇಳಿಸಿ. ಇವಳ ಸಾಮಾನೂ ಇಳಿಸಿ. ಹಲಗೆ ಉಪ್ಪುನೀರಲ್ಲಿ ತೊಳೀರಿ. ಈಗಿಂದೀಗ್ಲೇ ಹೊರಡ್ತೀವಿ."

ಇಷ್ಟು ದಿನ ಅವಳು ಕೇಳಲು ಹಂಬಲಿಸಿದ ಮಾತು ಅದೇ. ಅವಳು ಹಲಗೆಯ ಹಗ್ಗವನ್ನು ಗಟ್ಟಿಯಾಗಿ ಹಿಡಿದಳು. ನನ್ನನ್ನು ಕೆಳಗೆ ಕತ್ತಲಲ್ಲಿ ಕೂಡಿಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಬೇಕಾದರೆ ಕೈಕಾಲು ಕಟ್ಟಿ ಒಯ್ಯಿರಿ ಎಂದು ಕೇಳಿಕೊಳ್ಳುವವಳಿದ್ದಳು. ಅದೂ ಆಗದಿದ್ದರೆ ಅವನ ಜನ್ಮ ಜಾಲಾಡುವವಳಿದ್ದಳು. ನಾಲಿಗೆ ತುದಿಗೆ ಎಲ್ಲ ಬಂದಿತ್ತು.

ಆಗ ಅವಳಿಗೆ ಚರ್ಮ ಹದ ಮಾಡುವವರ ಮನೆಯ ಹಳೆಯದೊಂದು ಹೆರಿಗೆ ನೆನಪಾಯಿತು. ಹುಡುಗಿ ನೋವು ತಿನ್ನುತ್ತಿದ್ದಳು. ಅವಳ ಹೆತ್ತ ತಾಯಿಯೇ ತಲೆದೆಸೆಯಲ್ಲಿ ಕೂತು, ತಡೆಯಲಾರದೆ, "ನಮ್ಮಕ್ಕನೂ ಹಿಂಗೇ ನರಳಿ ಹೋಗಿದ್ದು" ಅಂದುಬಿಟ್ಟಳು. ಥರ್ಮೂಥಿ ಆ ತಾಯಿಯ ರಟ್ಟೆ ಹಿಡಿದು ಬೀದಿಗೆ ಹಾಕಿ ಬಾಗಿಲು ಜಡಿದಳು. ಅವಳು ರಾತ್ರಿಯಿಡೀ ಬಾಗಿಲು ಬಡಿಯುತ್ತಾ ಅತ್ತರೂ ತೆಗೆಯಲಿಲ್ಲ. ಹೆರಿಗೆಮನೆಯಲ್ಲಿ ಕೆಟ್ಟ ಮಾತು ಬಿದ್ದರೆ ಬಿದ್ದದ್ದೇ. ಆಡಿದವರು ಹೆತ್ತವಳೇ ಆಗಲಿ, ಹೊರಗೆ ಹಾಕಬೇಕು. ತಾಯಿ ಮಗು ಇಬ್ಬರೂ ಉಳಿದರು. ತಾನು ಮಾಡಿದ್ದು ಸರಿ ಎಂದು ಅವಳು ಇವತ್ತಿಗೂ ಎಲ್ಲರ ಮುಂದೆ ಎದೆ ತಟ್ಟಿ ಹೇಳುತ್ತಿದ್ದಳು.

ಹಗ್ಗ ಬಿಟ್ಟಳು. ಯಾರೂ ಎಳೆಯಬೇಕಾಗಲಿಲ್ಲ, ತಾನೇ ಇಳಿದಳು.

ಅವಳ ಸಾಮಾನು ಇಳಿಯಿತು. ಕೊಟ್ಟ ಬಾಡಿಗೆಯನ್ನು ಒಬ್ಬ ಖಲಾಸಿ ಅವಳ ಕೈಗೆ ಕೊಡದೆ ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಹಲಗೆಯ ಮೇಲೆ ಕೊಡಗಟ್ಟಲೆ ಸಮುದ್ರದ ನೀರು ಸುರಿದರು. ಹಗ್ಗಗಳು ಬಿಚ್ಚಿದವು, ಲಂಗರು ಎದ್ದಿತು. ಎಳೆದೋಣಿ ಥೆಟಿಸ್ಸನ್ನು ಮೆಲ್ಲಗೆ ಕಟ್ಟೆಯಿಂದ ಆಚೆಗೆ ಎಳೆಯತೊಡಗಿತು. ಇಷ್ಟು ಸುಲಭವಿತ್ತೇ ಇದು? ಕಣ್ಣು ಮಿಟುಕಿಸುವಷ್ಟರಲ್ಲಿ ನಡುವೆ ನೀರು ಬಂದಿತ್ತು. ಅತ್ತರೆ ಅದೂ ಅಪಶಕುನ ಎಂದು ನೆನಪಾಗಿ ಅಳು ನುಂಗಿದಳು.

ಪಸಿಯೋನ್ ಜನರನ್ನು ತಳ್ಳಿಕೊಂಡು ಹಡಗಿನ ಅಂಚಿಗೆ ಬಂದ. ಅವನ ಮುಖದಲ್ಲಿ ಮೊದಲ ಸಲ ನೆಮ್ಮದಿ ಇರಲಿಲ್ಲ.

"ಅಕ್ಕಾ! ಕಂಚುಗಾರನ ಮನೆ ತಾನೇ? ಹುಡುಕ್ಕೊಂಡು ಹೋಗ್ತೀನಿ! ಏನ್ ಹೇಳ್ಲಿ ನಿನ್ನ ಮಗಳಿಗೆ?"

ಲೂಸಾನಿಯಾಸ್ ಅಲ್ಲಿಂದಲೇ ಅವಳನ್ನು ನೋಡಿದ. ಎಳೆದೋಣಿಯವರೂ ಹುಟ್ಟು ಎತ್ತಿ ಹಿಡಿದು ನೋಡಿದರು. ಇನ್ನೊಂದು ಕೆಟ್ಟ ಮಾತು ಬಿದ್ದರೆ ಹಡಗು ಹಿಂದಿರುಗುತ್ತದೆ, ಹಿಂದಿರುಗಿದರೆ ಕೃತ್ತಿಕೆ ಮುಳುಗುತ್ತದೆ, ಆಮೇಲೆ ಮಗಳಿಗೆ ಒಂದು ಮಾತೂ ತಲುಪುವುದಿಲ್ಲ.

ಹೇಳಬೇಕಾದ್ದು ಎಷ್ಟಿತ್ತು! ಕಾಲು ಕಂಡರೆ ಎಳೆಯಬೇಡಿ ಅನ್ನಬೇಕಿತ್ತು; ಅಲೆ ತಳಕ್ಕೆಳೆಯಬಹುದಾದ ಹಡಗಿನ ಮುಂದೆ ಎಳೆಯುವುದು ಎನ್ನುವ ಮಾತನ್ನು ಹೇಗೆ ಆಡುವುದು? ಹೆದರಬೇಡ ಎನ್ನೋಣವೆಂದರೆ ಹೆದರಿಕೆ ಅದರಲ್ಲೇ ಕೂತಿತ್ತು. ನಾನು ಬರಲಿಲ್ಲ ಎನ್ನೋಣವೆಂದರೆ ಸಮುದ್ರ ದಾಟುವವರ ಕಿವಿಗೆ ಬರಲಿಲ್ಲ ಎನ್ನುವ ಮಾತು ಬೀಳಬಾರದು. ಸುಖವಾಗಿ ಹೆರು ಕಂದಾ ಎನ್ನೋಣ ಎಂದು ಬಾಯಿ ತೆರೆದಳು. ಆ ಬಾಯಿಂದ ಈಗಷ್ಟೇ ಹೊರಟದ್ದು ನೆನಪಾಗಿ ಸುಖ ಎನ್ನುವ ಮಾತೂ ಅದರೊಳಗಿಂದ ಮೈಲಿಗೆಯಾಗಿ ಹೊರಬಂದೀತು ಎನ್ನಿಸಿತು.

"ಅಕ್ಕಾ! ಏನ್ ಹೇಳ್ಲಿ? ಬೇಗ ಹೇಳು!"

ಥರ್ಮೂಥಿ ಎರಡೂ ಅಂಗೈಗಳನ್ನು ತನ್ನ ಬಾಯಿಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡು, ಹಾಯಿ ದೀಪಸ್ತಂಭವನ್ನು ದಾಟುವ ತನಕ ಹಾಗೆಯೇ ನಿಂತಳು.